ತುಕ್ಕಿನ ಮೇಲೆ ಬರೆದ ನೆನಪು

ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಆರು ವರ್ಷ ಕೂತು ತಮ್ಮ ಊರಿನ ಚರಿತ್ರೆ ಬರೆದರು. ಕೆರೆ ಕಟ್ಟಿಸಿದವರು ಯಾರು, ಪ್ಲೇಗು ಬಂದಾಗ ಜನ ಎಲ್ಲಿ ಗುಡಿಸಲು ಹಾಕಿಕೊಂಡರು, ಊರಿಗೆ ಮೊದಲ ಬಸ್ಸು ಬಂದದ್ದು ಯಾವಾಗ ಎಂದೆಲ್ಲ ಹಿರಿಯರನ್ನು ಕೇಳಿ ಕೇಳಿ ಸಂಗ್ರಹಿಸಿದ್ದು. ಮಗ ಕೊಡಿಸಿದ ಕಂಪ್ಯೂಟರಿನಲ್ಲಿ ತಾವೇ ಕೀಲಿಮಣೆ ಒತ್ತಿ ಹದಿನಾಲ್ಕು ಅಧ್ಯಾಯ ತುಂಬಿಸಿದ್ದರು. ಒಂದು ಬೆಳಿಗ್ಗೆ ಯಂತ್ರ ಏಳಲೇ ಇಲ್ಲ. ಒಳಗಿನಿಂದ ‘ಟಕ್... ಟಕ್... ಟಕ್’ ಎಂಬ ಸದ್ದು ಮಾತ್ರ ಬರುತ್ತಿತ್ತು.

ರಿಪೇರಿ ಅಂಗಡಿಯ ಹುಡುಗ ಹಾರ್ಡ್ ಡಿಸ್ಕ್ ಬಿಚ್ಚಿ ತೋರಿಸಿದ. ಒಳಗೆ ಕನ್ನಡಿಯಂತೆ ಹೊಳೆಯುವ ಒಂದು ದುಂಡು ತಟ್ಟೆ. ಅದರ ಮೇಲೆ ಉಂಗುರದಂಥ ಸಣ್ಣ ಗೀರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, ‘ಇದರಲ್ಲಿ ನನ್ನ ಅಕ್ಷರ ಎಲ್ಲಿದೆಯಪ್ಪ?’ ಎಂದು ಕೇಳಿದರು. ‘ಎಲ್ಲಾ ಇದರ ಮೇಲೇ ಇತ್ತು ಸಾರ್, ಕಣ್ಣಿಗೆ ಕಾಣಲ್ಲ’ ಎಂದ ಹುಡುಗ.

ಮೇಷ್ಟ್ರ ಪ್ರಶ್ನೆ ಸಣ್ಣದಲ್ಲ. ಕಣ್ಣಿಗೆ ಕಾಣದ ಅಕ್ಷರವನ್ನು ಲೋಹದ ಮೇಲೆ ಬರೆಯುವುದು ಹೇಗೆ? ಬರೆದದ್ದನ್ನು ಮತ್ತೆ ಓದುವುದು ಹೇಗೆ? ಇವಕ್ಕೆ ಉತ್ತರ ಕಂಡುಕೊಳ್ಳಲು ಸುಮಾರು ಇನ್ನೂರು ವರ್ಷ ಹಿಡಿಯಿತು.

ದಿಕ್ಸೂಚಿಯ ಮುಳ್ಳು ಅಲುಗಿದಾಗ

1820ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕ ತಂತಿಯೊಂದರಲ್ಲಿ ವಿದ್ಯುತ್ ಹರಿಸಿದ. ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ವಿದ್ಯುತ್ ಹರಿದಲ್ಲಿ ಕಾಂತತ್ವ ಹುಟ್ಟುತ್ತದೆ ಎಂಬುದು ಅಂದು ತಿಳಿಯಿತು. ಹನ್ನೊಂದು ವರ್ಷಗಳ ನಂತರ, 1831ರಲ್ಲಿ, ಲಂಡನ್ನಿನ ಮೈಕೆಲ್ ಫ್ಯಾರಡೆ ಇದರ ಇನ್ನೊಂದು ಮುಖ ತೋರಿಸಿದ. ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಆಡಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅಯಸ್ಕಾಂತ ಸುಮ್ಮನೆ ನಿಂತರೆ ಏನೂ ಇಲ್ಲ. ಅದು ಚಲಿಸಬೇಕು, ಬದಲಾಗಬೇಕು.

ಡಿಸ್ಕ್‌ನ ಅರ್ಧ ಗುಟ್ಟು ಇಷ್ಟೇ. ಬರೆಯುವುದು ಅರ್ಸ್ಟೆಡ್‌ನ ದಾರಿ, ಓದುವುದು ಫ್ಯಾರಡೆಯ ದಾರಿ. ಆದರೆ ನಡುವೆ ನೆನಪಿಟ್ಟುಕೊಳ್ಳುವ ವಸ್ತುವೊಂದು ಬೇಕು. ಮೆದು ಕಬ್ಬಿಣ ಅಯಸ್ಕಾಂತದ ಬಳಿ ಇರುವಷ್ಟು ಹೊತ್ತು ಅಯಸ್ಕಾಂತವಾಗಿದ್ದು, ದೂರ ಸರಿದೊಡನೆ ಮರೆತುಬಿಡುತ್ತದೆ. ಗಟ್ಟಿ ಉಕ್ಕು ಹಾಗಲ್ಲ. ಅಯಸ್ಕಾಂತಕ್ಕೆ ಉಜ್ಜಿದ ಹೊಲಿಗೆ ಸೂಜಿ ಆಮೇಲೆ ಇನ್ನೊಂದು ಸೂಜಿಯನ್ನು ಎತ್ತುವುದನ್ನು ನಾವೆಲ್ಲ ಬಾಲ್ಯದಲ್ಲಿ ನೋಡಿದ್ದೇವೆ. ಬೇಗ ಮರೆಯುವ ಲೋಹ ಲೇಖನಿಯಾಗುತ್ತದೆ. ಮರೆಯದ ಲೋಹ ಕಾಗದವಾಗುತ್ತದೆ.

ಇದನ್ನು ಮೊದಲು ಮನಗಂಡವನು ಅಮೆರಿಕದ ನ್ಯೂಜೆರ್ಸಿಯ ಎಂಜಿನಿಯರ್ ಓಬರ್ಲಿನ್ ಸ್ಮಿತ್. 1878ರಲ್ಲಿ ಎಡಿಸನ್ನನ ಪ್ರಯೋಗಶಾಲೆಗೆ ಹೋಗಿ ಫೋನೋಗ್ರಾಫ್ ನೋಡಿ ಬಂದ ಈತನಿಗೆ, ಮುಳ್ಳಿನಿಂದ ಗೀರುವ ಬದಲು ಕಾಂತತ್ವದಿಂದ ಧ್ವನಿಯನ್ನು ಬರೆಯಬಾರದೇಕೆ ಅನ್ನಿಸಿತು. ಹತ್ತಿ ದಾರದಲ್ಲಿ ಉಕ್ಕಿನ ಪುಡಿ ಸೇರಿಸಿ, ಅದನ್ನು ವಿದ್ಯುತ್ ಸುರುಳಿಯ ಮೂಲಕ ಎಳೆಯುವ ಉಪಾಯವನ್ನು 1888ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಇಡೀ ಉಕ್ಕಿನ ತಂತಿಯನ್ನೇ ಏಕೆ ಬಳಸಬಾರದು ಎಂದೂ ಯೋಚಿಸಿದ್ದ. ಆದರೆ ಒಂದೇ ತಂತಿ ಅಷ್ಟೊಂದು ಪುಟ್ಟ ಪುಟ್ಟ ಅಯಸ್ಕಾಂತಗಳಾಗಿ ವಿಂಗಡವಾದೀತೆಂದು ಅವನಿಗೆ ನಂಬಿಕೆ ಬರಲಿಲ್ಲ.

ಹತ್ತು ವರ್ಷಗಳ ನಂತರ ಅರ್ಸ್ಟೆಡ್‌ನ ಊರಿನವನೇ ಆದ ವಾಲ್ಡೆಮಾರ್ ಪೌಲ್ಸನ್ ಅದನ್ನೇ ಮಾಡಿ ತೋರಿಸಿದ. ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ ಈ ತರುಣ ಪಿಯಾನೋದ ಉಕ್ಕಿನ ತಂತಿಯನ್ನು ಬಿಗಿದು ಕಟ್ಟಿ, ಮಾತನಾಡುತ್ತ ಅದರುದ್ದಕ್ಕೂ ವಿದ್ಯುತ್ಕಾಂತವನ್ನು ಸಾಗಿಸಿದ. ಮತ್ತೆ ಮೊದಲಿನಿಂದ ಸಾಗಿಸಿದಾಗ ತಂತಿ ಮಾತನಾಡಿತು! 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದು ‘ಟೆಲಿಗ್ರಾಫೋನ್’ ಎಂದು ಹೆಸರಿಟ್ಟ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಅದರ ಮುಂದೆ ನಾಲ್ಕು ಮಾತಾಡಿದ. ಸಾಮ್ರಾಜ್ಯ ಅಳಿದು ಶತಮಾನ ಕಳೆದರೂ ಉಕ್ಕಿನ ತಂತಿಯ ಮೇಲಿದ್ದ ಆ ಧ್ವನಿ ಉಳಿದುಬಂದಿದೆ.

ಮುಂದಿನ ಹೆಜ್ಜೆಗಳು ಜರ್ಮನಿಯವು. 1928ರಲ್ಲಿ ಫ್ರಿಟ್ಜ್ ಫ್ಲಾಯ್ಮರ್ ಎಂಬಾತ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಬಳಿದು ಟೇಪು ಮಾಡಿದ. 1933ರಲ್ಲಿ ಎಡುವರ್ಡ್ ಷ್ಯುಲರ್ ಅದಕ್ಕೆ ತಕ್ಕ ಲೇಖನಿ ಕಂಡುಹಿಡಿದ. ಅದನ್ನು ಸೀಳು ಬಿಟ್ಟ ಬಳೆ ಎನ್ನಿ. ಮೆದು ಲೋಹದ ಬಳೆಗೆ ತಂತಿ ಸುತ್ತಿ ವಿದ್ಯುತ್ ಹರಿಸಿದರೆ ಕಾಂತತ್ವ ಬಳೆಯೊಳಗೇ ಸುತ್ತುತ್ತದೆ. ಸೀಳಿನ ಬಳಿ ಮಾತ್ರ ತುಸು ಹೊರಕ್ಕೆ ಚೆಲ್ಲುತ್ತದೆ. ಆ ಚೆಲ್ಲಿದ ಕಾಂತತ್ವವೇ ಟೇಪಿನ ಮೇಲೆ ಬರೆಯುವ ಮಸಿ. ಕ್ಯಾಸೆಟ್ಟಿನ ಕಾಲದಲ್ಲಿ ನಾವು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದ ಟೇಪ್ ರೆಕಾರ್ಡರಿನ ‘ಹೆಡ್’ ಇದೇ. ಹತ್ತಿಗೆ ಅಂಟುತ್ತಿದ್ದ ಕಂದು ಬಣ್ಣದ ಕೊಳೆ ಟೇಪಿನಿಂದ ಉದುರಿದ ಕಬ್ಬಿಣದ ಆಕ್ಸೈಡ್. ಒಂದು ಬಗೆಯ ತುಕ್ಕು, ಅಷ್ಟೇ.

ಮತ್ತೊಬ್ಬ ಮೇಷ್ಟ್ರು

ಟೇಪಿಗೆ ಒಂದು ದೊಡ್ಡ ತೊಡಕಿದೆ. ಎಂಟನೆಯ ಹಾಡು ಬೇಕೆಂದರೆ ಮೊದಲ ಏಳನ್ನು ಸುತ್ತಿ ದಾಟಬೇಕು. ಗ್ರಾಮಫೋನ್ ತಟ್ಟೆಯಲ್ಲಾದರೆ ಮುಳ್ಳನ್ನು ಎತ್ತಿ ಬೇಕಾದ ಕಡೆ ಇಡಬಹುದು. ತಟ್ಟೆಯ ಆಕಾರಕ್ಕೆ ಟೇಪಿನ ಗುಣ ಕೂಡಿಸಿದರೆ? ಕಂಪ್ಯೂಟರುಗಳ ಆರಂಭದ ದಿನಗಳಲ್ಲಿ ಈ ಪ್ರಶ್ನೆಗೆ ದುಡ್ಡಿನ ಬೆಲೆ ಬಂತು. ಆಗ ಕಚೇರಿಗಳ ಲೆಕ್ಕವೆಲ್ಲ ತೂತು ಕೊರೆದ ರಟ್ಟಿನ ಕಾರ್ಡುಗಳಲ್ಲಿ ಇರುತ್ತಿತ್ತು. ಒಬ್ಬ ಗಿರಾಕಿಯ ಬಾಕಿ ಎಷ್ಟೆಂದು ತಿಳಿಯಲು ಕಾರ್ಡಿನ ರಾಶಿಯನ್ನೇ ಜಾಲಾಡಬೇಕಿತ್ತು.

1952ರಲ್ಲಿ ಐಬಿಎಂ ಕಂಪನಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಬಾಡಿಗೆ ಕಟ್ಟಡವೊಂದರಲ್ಲಿ ಪ್ರಯೋಗಶಾಲೆ ತೆರೆದು ರೆನಾಲ್ಡ್ ಜಾನ್ಸನ್ ಎಂಬವರ ಕೈಗೆ ಕೊಟ್ಟಿತು. ಈ ಜಾನ್ಸನ್ ಮೊದಲು ಹೈಸ್ಕೂಲು ಮೇಷ್ಟ್ರು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದು ಬೇಸರವಾಗಿ, ಪೆನ್ಸಿಲ್ ಗುರುತಿನ ಮೂಲಕ ವಿದ್ಯುತ್ ಹರಿಯುತ್ತದೆಂಬುದನ್ನೇ ಆಧಾರ ಮಾಡಿಕೊಂಡು ತಾನೇ ಅಂಕ ಕೊಡುವ ಯಂತ್ರ ರಚಿಸಿದ್ದರು. ಅದನ್ನು ಕಂಡೇ ಐಬಿಎಂ 1934ರಲ್ಲಿ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತ್ತು.

ಜಾನ್ಸನ್ ತಂಡ ತಟ್ಟೆಯ ದಾರಿ ಹಿಡಿಯಿತು. ಅಲ್ಯೂಮಿನಿಯಂ ತಟ್ಟೆಗೆ ತುಕ್ಕಿನ ಬಣ್ಣವನ್ನು ಎಲ್ಲೂ ಉಬ್ಬುತಗ್ಗಿಲ್ಲದೆ ಬಳಿಯುವುದು ಹೇಗೆಂಬುದೇ ಮೊದಲ ಸಮಸ್ಯೆ. ಕುಂಚದ ಗೆರೆಗಳೂ ಏಳಬಾರದು. ಜೇಕಬ್ ಹಗೋಪಿಯನ್ ಎಂಬ ಎಂಜಿನಿಯರ್ ಹೂಡಿದ ಉಪಾಯ ಅಡುಗೆಮನೆಯವರೂ ಮೆಚ್ಚುವಂಥದು. ತಿರುಗುತ್ತಿರುವ ತಟ್ಟೆಯ ನಡುವಿಗೆ ಕಾಗದದ ಲೋಟದಿಂದ ಬಣ್ಣ ಸುರಿದರೆ ಅದು ತಾನಾಗಿ ಅಂಚಿನವರೆಗೆ ಸಮನಾಗಿ ಹರಡುತ್ತದೆ. ಬಣ್ಣದ ಗಂಟುಗಳನ್ನು ಸೋಸಲು ಬಳಸಿದ್ದು ಹೆಂಗಸರ ನೈಲಾನ್ ಕಾಲುಚೀಲ!

1956ರ ಸೆಪ್ಟೆಂಬರಿನಲ್ಲಿ ಐಬಿಎಂ ‘ರ‍್ಯಾಮ್ಯಾಕ್’ ಯಂತ್ರವನ್ನು ಲೋಕಕ್ಕೆ ತೋರಿಸಿತು. ಎರಡು ಅಡಿ ಅಗಲದ ಐವತ್ತು ತಟ್ಟೆಗಳು ಒಂದರ ಮೇಲೊಂದು, ನಿಮಿಷಕ್ಕೆ 1,200 ಸುತ್ತು. ಸುಮಾರು ಒಂದು ಟನ್ ತೂಕ. ಇಷ್ಟೆಲ್ಲ ಸೇರಿ ಅದು ಹಿಡಿದಿಡುತ್ತಿದ್ದುದು 50 ಲಕ್ಷ ಅಕ್ಷರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅಲ್ಲಿಗೆ ಜಾಗವೆಲ್ಲ ನುಂಗಿಬಿಟ್ಟೀತು. ಆದರೂ ಯಾವ ಅಕ್ಷರವನ್ನೇ ಕೇಳಿದರೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಹುಡುಕಿ ಕೊಡುತ್ತಿತ್ತು. 1958ರ ಬ್ರಸೆಲ್ಸ್ ವಿಶ್ವ ಪ್ರದರ್ಶನದಲ್ಲಿ ಇತಿಹಾಸದ ಪ್ರಶ್ನೆಗಳಿಗೆ ಹತ್ತು ಭಾಷೆಗಳಲ್ಲಿ ಉತ್ತರ ಹೇಳಿ ಜನರನ್ನು ಬೆರಗುಗೊಳಿಸಿತು.

ಬರೆಯುವ ಪರಿ

ಈಗ ಮೇಷ್ಟ್ರ ಅಕ್ಷರಕ್ಕೆ ಬರೋಣ. ಕಂಪ್ಯೂಟರಿಗೆ ತಿಳಿಯುವುದು ಸೊನ್ನೆ ಮತ್ತು ಒಂದು ಮಾತ್ರ ಎಂಬುದು ಎಲ್ಲರಿಗೂ ಗೊತ್ತು. ‘ಉತ್ತರಕ್ಕೆ ತಿರುಗಿದ ಅಯಸ್ಕಾಂತ ಒಂದು, ದಕ್ಷಿಣಕ್ಕೆ ತಿರುಗಿದ್ದು ಸೊನ್ನೆ’ ಎಂದು ಬರೆಯುತ್ತಾರೆಂದು ಹಲವರು ಭಾವಿಸುತ್ತಾರೆ. ಆದರೆ ಫ್ಯಾರಡೆ ಹೇಳಿದ್ದನ್ನು ನೆನಪಿಸಿಕೊಳ್ಳಿ. ಸುರುಳಿಗೆ ತಿಳಿಯುವುದು ಬದಲಾವಣೆ ಮಾತ್ರ. ಆದ್ದರಿಂದ ಕಾಂತತ್ವದ ದಿಕ್ಕು ತಿರುಗಿದ ಎಲ್ಲೆಯೇ ‘ಒಂದು’. ಎಲ್ಲೆ ಬರಬೇಕಾದ ಕಡೆ ಬರದಿದ್ದರೆ ಅದು ‘ಸೊನ್ನೆ’.

ಇದರಲ್ಲೊಂದು ಅಪಾಯವಿದೆ. ಸೊನ್ನೆಗಳೇ ಸಾಲಾಗಿ ಬಂದರೆ ಹೆಡ್ಡಿಗೆ ಏನೂ ಕೇಳಿಸುವುದಿಲ್ಲ. ಎಷ್ಟು ಸೊನ್ನೆ ದಾಟಿದವೆಂಬ ಲೆಕ್ಕ ತಪ್ಪುತ್ತದೆ. ಗಾಯಕ ತುಂಬ ಹೊತ್ತು ಮೌನವಾಗಿದ್ದರೆ ತಾಳ ಹಾಕುವವನು ತಡವರಿಸಿದಂತೆ. ಅದಕ್ಕೇ ಬರೆಯುವ ಮೊದಲು ಸೊನ್ನೆ-ಒಂದುಗಳನ್ನು ಇನ್ನೊಂದು ಸಂಕೇತಕ್ಕೆ ಬದಲಿಸುತ್ತಾರೆ. ಅದರಲ್ಲಿ ಮೌನ ಇಂತಿಷ್ಟಕ್ಕಿಂತ ಉದ್ದವಾಗದಂತೆ ನಡುನಡುವೆ ಪೆಟ್ಟು ಬಿದ್ದೇ ಬೀಳುತ್ತದೆ.

ತಟ್ಟೆಯ ಮೇಲೆ ಇದೆಲ್ಲ ಒಂದರೊಳಗೊಂದು ಇರುವ ಸಾವಿರಾರು ಉಂಗುರಗಳಲ್ಲಿ ಕೂತಿರುತ್ತದೆ. ತಟ್ಟೆ ಸುತ್ತುತ್ತದೆ, ಹೆಡ್ ಹೊತ್ತ ತೋಳು ಒಳಗೂ ಹೊರಗೂ ಆಡುತ್ತದೆ. ತಾನು ಯಾವ ಉಂಗುರದ ಮೇಲಿದ್ದೇನೆಂದು ತೋಳಿಗೆ ತಿಳಿಯುವುದು ಕಾರ್ಖಾನೆಯಲ್ಲೇ ಬರೆದಿಟ್ಟ ಗುರುತುಗಳಿಂದ, ರಸ್ತೆ ಬದಿಯ ಮೈಲಿಗಲ್ಲುಗಳಿದ್ದಂತೆ. ಹೆಡ್ ಕೆಟ್ಟೋ ತಟ್ಟೆ ಗೀರಿಯೋ ಆ ಗುರುತು ಓದಲಾಗದಿದ್ದರೆ ತೋಳು ಹಿಂದಕ್ಕೆ ಸರಿದು ಮತ್ತೆ ಮೊದಲಿನಿಂದ ಹುಡುಕುತ್ತದೆ, ಮತ್ತೆ ಸೋಲುತ್ತದೆ. ಮೇಷ್ಟ್ರಿಗೆ ಕೇಳಿಸಿದ ‘ಟಕ್ ಟಕ್’ ಸದ್ದು ದಾರಿ ತಪ್ಪಿದ ಈ ತೋಳಿನದು.

ಒಂದು ಹಾಳೆಯಷ್ಟು ಅಂತರ

ಡಿಸ್ಕ್‌ನ ಮುಂದಿನ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಹೆಡ್ ಮತ್ತು ತಟ್ಟೆಯ ನಡುವಿನ ಅಂತರ ಕಿರಿದಾಗುತ್ತ ಬಂದ ಚರಿತ್ರೆ. ಅಕ್ಷರ ಸಣ್ಣದಾದಷ್ಟೂ ಪುಸ್ತಕವನ್ನು ಕಣ್ಣಿನ ಹತ್ತಿರ ತರಬೇಕು ತಾನೆ? ಪುಟ್ಟ ಅಯಸ್ಕಾಂತದ ಪ್ರಭಾವವೂ ಹಾಗೆಯೇ, ಸ್ವಲ್ಪ ದೂರ ಸರಿದರೆ ಮಾಯ. ಹೆಚ್ಚು ತುಂಬಬೇಕೆಂದರೆ ಅಕ್ಷರ ಚಿಕ್ಕದಾಗಬೇಕು. ಚಿಕ್ಕದಾದರೆ ಹೆಡ್ ಹತ್ತಿರ ಬರಬೇಕು. ಆದರೆ ಗ್ರಾಮಫೋನಿನ ಮುಳ್ಳಿನಂತೆ ಮುಟ್ಟಬಾರದು. ಮುಟ್ಟಿದರೆ ಸವೆತ, ಸವೆದರೆ ಬರೆದದ್ದು ನಾಶ.

ರ‍್ಯಾಮ್ಯಾಕ್‌ನಲ್ಲಿ ಕೊಳವೆಯಿಂದ ಗಾಳಿ ಊದಿ ಹೆಡ್ಡನ್ನು ತಟ್ಟೆಯಿಂದ ಸುಮಾರು 20 ಮೈಕ್ರಾನ್ ದೂರ ನಿಲ್ಲಿಸುತ್ತಿದ್ದರು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. 1962ರ ಹೊತ್ತಿಗೆ ಬಂದ ಐಬಿಎಂನ ಮುಂದಿನ ಮಾದರಿಯಲ್ಲಿ ಊದುವ ಕೊಳವೆ ಹೋಯಿತು. ವೇಗವಾಗಿ ತಿರುಗುವ ತಟ್ಟೆ ತನ್ನ ಮೈಗಂಟಿದ ಗಾಳಿಯನ್ನೂ ಎಳೆದೊಯ್ಯುತ್ತದೆ. ತಕ್ಕ ಆಕಾರದ ಹೆಡ್ ಆ ಗಾಳಿಯ ಮೇಲೇ ತೇಲುತ್ತದೆ. ಅಂತರ 6 ಮೈಕ್ರಾನಿಗೆ ಇಳಿಯಿತು.

1973ರಲ್ಲಿ ಬಂದದ್ದು ‘ವಿಂಚೆಸ್ಟರ್’. ಮೊದಲ ಯೋಜನೆಯಲ್ಲಿ 30 ಮೆಗಾಬೈಟಿನ ಎರಡು ಭಾಗಗಳಿದ್ದುದರಿಂದ, ಅಮೆರಿಕದ ಹೆಸರಾಂತ ‘30-30’ ಬಂದೂಕನ್ನು ನೆನೆದು ಎಂಜಿನಿಯರ್ ಕೆನ್ ಹಾಟನ್ ಇಟ್ಟ ಅಡ್ಡಹೆಸರಿದು. ಇದರಲ್ಲಿ ತಟ್ಟೆ, ತೋಳು, ಹೆಡ್ ಎಲ್ಲವನ್ನೂ ಧೂಳು ನುಗ್ಗದ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿದರು. ಅಂತರ ಅರ್ಧ ಮೈಕ್ರಾನಿಗಿಂತ ಕಡಿಮೆಯಾಯಿತು. ಇಂದಿನ ಹಾರ್ಡ್ ಡಿಸ್ಕ್‌ಗಳೆಲ್ಲ ಈ ಪೆಟ್ಟಿಗೆಯ ಸಂತಾನವೇ. 1980ರಲ್ಲಿ ಸೀಗೇಟ್ ಕಂಪನಿ ಮೇಜಿನ ಮೇಲಿನ ಕಂಪ್ಯೂಟರಿಗೆಂದು ಮಾಡಿದ ಐದೂಕಾಲು ಅಂಗುಲದ ಡಿಸ್ಕ್ ಐದು ಮೆಗಾಬೈಟ್ ಹಿಡಿಯುತ್ತಿತ್ತು. ಒಂದು ಟನ್ನಿನ ರ‍್ಯಾಮ್ಯಾಕ್ ಇಪ್ಪತ್ನಾಲ್ಕು ವರ್ಷಗಳಲ್ಲಿ ಕೈಚೀಲಕ್ಕೆ ಇಳಿದಿತ್ತು. ಆ ದಶಕದಲ್ಲೇ ತುಕ್ಕಿನ ಬಣ್ಣದ ಜಾಗಕ್ಕೆ ಕನ್ನಡಿಯಂತೆ ಹೊಳೆಯುವ ಕೋಬಾಲ್ಟ್ ಮಿಶ್ರಲೋಹದ ತೆಳು ಪದರವೂ ಬರತೊಡಗಿತು.

ಈಗಿನ ಅಂತರ ಕೆಲವೇ ನ್ಯಾನೋಮೀಟರು. ಒಂದು ನ್ಯಾನೋಮೀಟರ್ ಎಂದರೆ ಮೈಕ್ರಾನಿನ ಸಾವಿರದ ಒಂದು ಭಾಗ. ಹೆಡ್ ಕೂತಿರುವ ಮಿಲಿಮೀಟರಿನಷ್ಟೂ ಇಲ್ಲದ ತುಣುಕನ್ನು ನಮ್ಮ ಸಾರಿಗೆ ಬಸ್ಸಿನಷ್ಟು ದೊಡ್ಡದು ಮಾಡಿದೆವೆಂದುಕೊಳ್ಳಿ. ಆ ಬಸ್ಸು ರಸ್ತೆಯಿಂದ ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಒಂದು ಹಾಳೆಯ ದಪ್ಪದಷ್ಟು ಮಾತ್ರ ಮೇಲಿರಬೇಕು, ರಸ್ತೆಯನ್ನು ಒಮ್ಮೆಯೂ ಸೋಕಬಾರದು. ನಿಮಿಷಕ್ಕೆ 7,200 ಸುತ್ತು ತಿರುಗುವ ಸಾಮಾನ್ಯ ಡಿಸ್ಕ್‌ನಲ್ಲಿ ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಈ ಅಂತರಕ್ಕೆ ಹೊಗೆಯ ಕಣವೂ ಬಂಡೆಯೇ, ತಲೆಗೂದಲು ಬೆಟ್ಟವೇ. ಓಡುತ್ತಿರುವಾಗ ಬಲವಾದ ಪೆಟ್ಟು ಬಿದ್ದರೆ ಹೆಡ್ ತಟ್ಟೆಗೆ ಬಡಿದು ಗೀರುತ್ತದೆ. ಗೀರಿನಿಂದ ಎದ್ದ ಪುಡಿ ಮತ್ತಷ್ಟು ಗೀರು ಹಾಕುತ್ತದೆ. ಮೇಷ್ಟ್ರ ತಟ್ಟೆಯ ಮೇಲಿದ್ದ ಉಂಗುರ ಅಂಥದೇ ಗಾಯ.

ಓದುವ ದಾರಿ ಬದಲಾಯಿತು

ಬರೆಯುವುದು ಇಂದಿಗೂ ಅರ್ಸ್ಟೆಡ್‌ನ ದಾರಿಯಲ್ಲೇ ನಡೆದಿದೆ. ಆದರೆ ಓದುವುದು ಫ್ಯಾರಡೆಯ ಕೈಬಿಟ್ಟಿತು. ಅಕ್ಷರಗಳು ತೀರಾ ಕಿರಿದಾದಾಗ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಗದ್ದಲದಲ್ಲಿ ಕಳೆದುಹೋಗುವಷ್ಟು ಕ್ಷೀಣವಾಯಿತು. ಆಗ ನೆರವಿಗೆ ಬಂದದ್ದು ಗ್ಲಾಸ್ಗೋದ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು, 1857ರಲ್ಲೇ ಪ್ರಕಟಿಸಿದ್ದ ಒಂದು ಸಂಗತಿ. ಕಬ್ಬಿಣ, ನಿಕಲ್‌ಗಳ ಬಳಿ ಅಯಸ್ಕಾಂತ ತಂದರೆ ವಿದ್ಯುತ್ತಿಗೆ ಅವು ಒಡ್ಡುವ ತಡೆ ಸ್ವಲ್ಪ ಏರುಪೇರಾಗುತ್ತದೆ. ಈ ಏರುಪೇರನ್ನು ಅಳೆದು ಓದುವ ಹೆಡ್‌ಗಳು 1990ರ ದಶಕದ ಆರಂಭದಲ್ಲಿ ಬಂದವು.

ಅಷ್ಟರಲ್ಲಿ ಇನ್ನೊಂದು ಶೋಧ ನಡೆದಿತ್ತು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರ್ಯೂನ್‌ಬರ್ಗ್ ಪ್ರತ್ಯೇಕವಾಗಿ ಲೋಹದ ಅತಿ ತೆಳು ಪದರಗಳನ್ನು ಒಂದರ ಮೇಲೊಂದು ಹಾಸಿ ನೋಡುತ್ತಿದ್ದರು. ಎರಡು ಕಾಂತೀಯ ಪದರಗಳು, ನಡುವೆ ಕಾಂತತ್ವವಿಲ್ಲದ ಒಂದು ಪದರ. ಎರಡರ ಕಾಂತತ್ವವೂ ಒಂದೇ ದಿಕ್ಕಿಗಿದ್ದರೆ ವಿದ್ಯುತ್ ಸಲೀಸಾಗಿ ಹರಿಯಿತು. ವಿರುದ್ಧವಾದರೆ ತಡೆ ಬಹಳ ಹೆಚ್ಚಿತು. ಕೆಲ್ವಿನ್ ಕಂಡ ಬದಲಾವಣೆಗಿಂತ ಇದು ಎಷ್ಟೋ ಪಾಲು ದೊಡ್ಡದು. ಐಬಿಎಂನ ಸ್ಟುವರ್ಟ್ ಪಾರ್ಕಿನ್ ಇಂಥ ಪದರಗಳನ್ನು ಕಾರ್ಖಾನೆಗೆ ಒಗ್ಗುವಂತೆ ತಯಾರಿಸುವ ದಾರಿ ತೋರಿದರು. 1997ರ ಕೊನೆಗೆ ಇದೇ ತತ್ವದ ಹೆಡ್ ಇದ್ದ, 16.8 ಗಿಗಾಬೈಟಿನ ಡಿಸ್ಕ್ ಐಬಿಎಂನಿಂದ ಬಂತು. ಫರ್ಟ್ ಮತ್ತು ಗ್ರ್ಯೂನ್‌ಬರ್ಗ್ ಇಬ್ಬರಿಗೂ 2007ರ ಭೌತವಿಜ್ಞಾನದ ನೊಬೆಲ್ ಸಂದಿತು. ಪ್ರಯೋಗಶಾಲೆಯ ಕುತೂಹಲವೊಂದು ಹತ್ತೇ ವರ್ಷದೊಳಗೆ ಮನೆಮನೆಯ ಕಂಪ್ಯೂಟರು ಸೇರಿದ್ದು ವಿರಳ ಉದಾಹರಣೆ.

ಆಮೇಲೆ ಬರೆಯುವ ಕಾಗದವೇ ಮಿತಿಯನ್ನು ಹೇಳತೊಡಗಿತು. ಕಾಂತೀಯ ಕಣ ತೀರಾ ಪುಟ್ಟದಾದರೆ ಕೋಣೆಯ ಶಾಖಕ್ಕೇ ಅದರ ದಿಕ್ಕು ತಿರುಗಿಬಿಡುತ್ತದೆ; ಬರೆದದ್ದು ತಾನಾಗಿ ಅಳಿಯುತ್ತದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶುನ್‌ಇಚಿ ಇವಾಸಾಕಿ 1970ರ ದಶಕದಲ್ಲೇ ಇದಕ್ಕೊಂದು ದಾರಿ ಸೂಚಿಸಿದ್ದರು. ಅಯಸ್ಕಾಂತಗಳನ್ನು ತಟ್ಟೆಯ ಮೇಲೆ ಅಡ್ಡ ಮಲಗಿಸುವ ಬದಲು ನೆಟ್ಟಗೆ ನಿಲ್ಲಿಸುವುದು. ಹಾಸಿಟ್ಟ ಪುಸ್ತಕಗಳನ್ನು ಎತ್ತಿ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದರೆ ಜಾಗ ಉಳಿಯುವುದಿಲ್ಲವೇ, ಹಾಗೆ. ತೋಶಿಬಾ ಕಂಪನಿ ಅಂಥ ಡಿಸ್ಕ್ ಮಾರುಕಟ್ಟೆಗೆ ತಂದದ್ದು 2005ರಲ್ಲಿ. ಸುಲಭಕ್ಕೆ ದಿಕ್ಕು ಬದಲಿಸದ ಗಟ್ಟಿ ಲೋಹ ಬಳಸಿ, ಬರೆಯುವ ಕ್ಷಣದಲ್ಲಿ ಮಾತ್ರ ಲೇಸರ್ ಕಿರಣದಿಂದ ಆ ಬಿಂದುವನ್ನು ಕಾಯಿಸಿ ಮೆದುಗೊಳಿಸುವುದು ಈಚಿನ ಉಪಾಯ. ಈ ಬಗೆಯ 30 ಟೆರಾಬೈಟಿನ ಡಿಸ್ಕ್‌ಗಳನ್ನು ಸೀಗೇಟ್ 2024ರಲ್ಲಿ ಗ್ರಾಹಕರಿಗೆ ಒದಗಿಸತೊಡಗಿತು. ಅಂಗೈ ಮೇಲಿಡಬಹುದಾದ ಇಂಥ ಒಂದು ಡಿಸ್ಕ್‌ಗೆ ಸುಮಾರು 80 ಲಕ್ಷ ರ‍್ಯಾಮ್ಯಾಕ್ ಸಮ.

ಮೊಬೈಲು, ಲ್ಯಾಪ್‌ಟಾಪ್‌ಗಳಲ್ಲಿ ಈಗ ತಿರುಗುವ ತಟ್ಟೆ ಇಲ್ಲ. ಅಲ್ಲಿ ಚಿಪ್ಪುಗಳದೇ ರಾಜ್ಯ. ಆದರೆ ನಾವು ದೂರದ ಕಂಪ್ಯೂಟರುಗಳಿಗೆ ಕಳಿಸಿ ನಿಶ್ಚಿಂತರಾಗುವ ಫೋಟೊ, ಪತ್ರ, ದಾಖಲೆಗಳ ಬಹುಪಾಲು ಇಂದಿಗೂ ಕೂತಿರುವುದು ಭಾರಿ ಕಟ್ಟಡಗಳಲ್ಲಿ ಹಗಲಿರುಳು ಸುತ್ತುವ ಇಂಥ ತಟ್ಟೆಗಳ ಮೇಲೆಯೇ.

ಉಳಿಯುವುದು ಯಾವುದು?

ಡಿಸ್ಕ್‌ನ ನೆನಪು ಒಂದು ಕಡೆ ಬಲು ಹಟಮಾರಿ. ನಾವು ‘ಡಿಲೀಟ್’ ಒತ್ತಿದಾಗ ಬರೆದದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸೂಚಿಯಲ್ಲಿದ್ದ ಅದರ ಹೆಸರು ಮಾತ್ರ ಹೋಗುತ್ತದೆ. ಗ್ರಂಥಾಲಯದ ಯಾದಿಯಿಂದ ಚೀಟಿ ಕಿತ್ತರೂ ಪುಸ್ತಕ ಕಪಾಟಿನಲ್ಲೇ ಇದ್ದಂತೆ. ಆ ಜಾಗದಲ್ಲಿ ಬೇರೆಯದನ್ನು ಬರೆಯುವವರೆಗೂ ಬಲ್ಲವರು ಅದನ್ನು ಹೊರತೆಗೆಯಬಹುದು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವವರು ಇದನ್ನು ಮರೆಯಬಾರದು. ಇನ್ನೊಂದು ಕಡೆ, ಒಂದು ಕಣ ಧೂಳು, ಒಂದು ಪೆಟ್ಟು ಸಾಕು, ಒಂದಿಡೀ ಊರಿನ ಚರಿತ್ರೆ ಪುಡಿಯಾಗಲು. ಬೇಡವಾದದ್ದು ಸುಲಭಕ್ಕೆ ಅಳಿಯದು, ಬೇಕಾದದ್ದು ಹೇಳದೆ ಕೇಳದೆ ಹೋದೀತು.

ಹಾಗೆ ನೋಡಿದರೆ ಯಾವ ಬರಹದ ಸಾಧನ ತಾನೆ ಶಾಶ್ವತ? ಓಲೆಗರಿಗೆ ಗೆದ್ದಲು, ಕಾಗದಕ್ಕೆ ನೀರು. ಪೊನ್ನನ ಶಾಂತಿಪುರಾಣ ಅಳಿಯದಿರಲೆಂದು ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಗರಿ ಗಟ್ಟಿಯಾಗಿರಲಿ ಎಂದು ಆಕೆ ಕಾಯಲಿಲ್ಲ, ಪ್ರತಿಗಳನ್ನು ನಂಬಿದಳು. ಸಾವಿರ ವರ್ಷ ಕಳೆದರೂ ಅದಕ್ಕಿಂತ ಭದ್ರವಾದ ಉಪಾಯ ದೊರೆತಿಲ್ಲ. ದೊಡ್ಡ ಕಂಪನಿಗಳು ತಮ್ಮ ಮಾಹಿತಿಯನ್ನು ಕಾಪಾಡಿಕೊಳ್ಳುವುದೂ ಒಂದೇ ಬರಹವನ್ನು ಹಲವು ಡಿಸ್ಕ್‌ಗಳಲ್ಲಿ, ಹಲವು ಊರುಗಳಲ್ಲಿ ಇಟ್ಟೇ.

ಮೇಷ್ಟ್ರ ಹದಿನಾಲ್ಕು ಅಧ್ಯಾಯಗಳಲ್ಲಿ ಐದು ಸಿಕ್ಕವು. ಉಳಿದ ಒಂಬತ್ತು ಆ ಉಂಗುರದ ಗೀರಿನೊಡನೆ ಹೋದವು. ಅವರಿಗೆ ವಿವರ ಕೊಟ್ಟ ಹಿರಿಯರಲ್ಲಿ ಕೆಲವರು ಈಗ ಇಲ್ಲ. ಹಳೆಯ ಟಿಪ್ಪಣಿ ಪುಸ್ತಕಗಳನ್ನು ಹರವಿಕೊಂಡು ಮೇಷ್ಟ್ರು ಮತ್ತೆ ಬರೆಯುತ್ತಿದ್ದಾರೆ. ಒಂದು ಅಧ್ಯಾಯ ಮುಗಿದೊಡನೆ ಒಂದು ಪ್ರತಿ ಮಗನ ಮನೆಗೆ, ಒಂದು ಪ್ರತಿ ಮಗಳ ಮನೆಗೆ, ಒಂದು ಕಾಗದದ ಮೇಲೆ ಅಚ್ಚಾಗಿ ತಮ್ಮ ಟ್ರಂಕಿಗೆ.